ಓಬೆರಾನ್‌ನ ಕೇಸರಿ ಅಣಬೆ, ಮೆಲ್ಬರ್ನ್‌ನ ಬಿಳಿ ಅಣಬೆ

ಸಿಡ್ನಿ: ಕಳೆದ ವರ್ಷ ಮೇ ತಿಂಗಳ ಮೊದಲ ವಾರ. ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಮೆಲ್ಬರ್ನ್‌ನಿಂದ ಗೆಳೆಯನ ವಿಡಿಯೋ ಕರೆ ಬಂತು. ಅವನು ಕೊಪ್ಪದ ಕಡೆಯವನು. ಊರಿನಿಂದ ಬಂದ ಅಮ್ಮ ಅವನ ಮನೆಯಲ್ಲಿ ಮೂರು ತಿಂಗಳಿಂದ ಇದ್ದರು. ಪರದೆಯ ಮೇಲೆ ಮೊದಲು ಕಂಡದ್ದು ಅವನ ಮುಖವಲ್ಲ, ಒಂದು ಸ್ಟೀಲ್ ತಟ್ಟೆ. ಅದರ ತುಂಬ ಬಿಳಿ ಅಣಬೆ.

‘ಅಮ್ಮ ಮೊಮ್ಮಗನನ್ನು ಸ್ಕೂಲಿಗೆ ಬಿಟ್ಟು ಬರುವಾಗ ಪಾರ್ಕಿನಲ್ಲಿ ಕಿತ್ತುಕೊಂಡು ಬಂದಿದ್ದಾರೆ ಮಾರಾಯ. ಅಣಬೆ ಸಾರು ಮಾಡ್ತಾರಂತೆ. ಮಸಾಲೆ ಆಗಲೇ ರುಬ್ಬಿ ಆಗಿದೆ. ನೀನು ವರ್ಷಾ ವರ್ಷ ಕಾಡಿಗೆ ಹೋಗ್ತೀಯಲ್ಲ, ಒಂದು ಸಲ ನೋಡಿ ಹೇಳು’ ಎಂದ.

ನಾನು ಅಣಬೆ ಶಾಸ್ತ್ರ ಓದಿದವನಲ್ಲ. ಹತ್ತು ವರ್ಷಗಳಿಂದ ಸಿಡ್ನಿಯಿಂದ ಓಬೆರಾನ್‌ಗೆ ಹೋಗಿ ಒಂದೇ ಒಂದು ಜಾತಿಯ ಅಣಬೆ ಕಿತ್ತು ತರುತ್ತೇನೆ, ಅಷ್ಟೇ. ಫೋಟೊ ನೋಡಿ ‘ತಿನ್ನಬಹುದು’ ಎಂದು ಯಾರಿಗೂ ಹೇಳಬಾರದು ಎಂಬುದು ಆ ಹತ್ತು ವರ್ಷಗಳಲ್ಲಿ ಕಲಿತ ಮೊದಲ ಪಾಠ. ‘ಯಾವ ಮರದ ಕೆಳಗೆ ಸಿಕ್ಕಿತು ಕೇಳು’ ಎಂದೆ. ಅಮ್ಮನಿಗೆ ಮರದ ಹೆಸರು ಗೊತ್ತಿರಲಿಲ್ಲ. ಎಲೆಯ ಅಂಚು ಅಲೆ ಅಲೆಯಾಗಿದೆ, ಕೆಳಗೆ ಟೊಪ್ಪಿ ಹಾಕಿದಂಥ ಸಣ್ಣ ಕಾಯಿ ಬಿದ್ದಿರುತ್ತವೆ ಎಂದರು. ಅದು ಓಕ್. ಬುಡ ತೋರಿಸಿ ಎಂದೆ. ಬುಡವೇ ಇರಲಿಲ್ಲ. ಮಣ್ಣು ಮನೆಗೆ ಬರಬಾರದೆಂದು ಅಮ್ಮ ಪ್ರತಿಯೊಂದನ್ನೂ ನೆಲಮಟ್ಟದಲ್ಲಿ ಅಚ್ಚುಕಟ್ಟಾಗಿ ಮುರಿದು ತಂದಿದ್ದರು.

ಗೆಳೆಯ ಟಾರ್ಚ್ ಮತ್ತು ಒಂದು ಹಳೆಯ ಚಮಚ ಹಿಡಿದು ಪಾರ್ಕಿಗೆ ಹೋದ. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಕರೆ ಮಾಡಿದ. ಅಮ್ಮ ಬಿಟ್ಟು ಬಂದಿದ್ದ ಬುಡಗಳಲ್ಲೊಂದನ್ನು ಅವನು ಅಗೆದು ಅಂಗೈ ಮೇಲೆ ಇಟ್ಟುಕೊಂಡಿದ್ದ. ಒಡೆದ ಮೊಟ್ಟೆಯ ಚಿಪ್ಪಿನೊಳಗಿಂದ ಎದ್ದು ಬಂದಂತಿತ್ತು ಆ ಕಾಂಡದ ತುಂಡು. ಸುತ್ತಲೂ ತೆಳುವಾದ ಬಿಳಿ ಚೀಲ. ತಟ್ಟೆಯಲ್ಲಿದ್ದವುಗಳ ಕತ್ತಿನಲ್ಲಿ ಬಳೆಯಂಥ ಪೊರೆ ಇತ್ತು, ಟೊಪ್ಪಿಯ ಮೇಲೆ ಹಸಿರು ಬೆರೆತ ಮಾಸಲು ಹಳದಿಯ ಛಾಯೆಯಿತ್ತು, ಕೆಳಗಿನ ಪದರಗಳು ಅಚ್ಚ ಬಿಳಿ. ಇದು ಡೆತ್ ಕ್ಯಾಪ್ ಎಂದು ಫೋನಿನಲ್ಲೇ ತೀರ್ಪು ಕೊಡುವ ಯೋಗ್ಯತೆ ನನಗಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಸಾರು ಮಾಡಬಾರದು ಎನ್ನಲು ಅಷ್ಟು ಸಾಕಾಗಿತ್ತು.

ಅಮ್ಮ ಮಾತಾಡಲಿಲ್ಲ. ಆಮೇಲೆ ಒಂದೇ ಮಾತು: ‘ನಲವತ್ತು ವರ್ಷ ಅಣಬೆ ಕಿತ್ತವಳು ನಾನು.’

ಬೇಯಿಸಿದರೂ ಹೋಗದ ವಿಷ

ಆಸ್ಟ್ರೇಲಿಯಾದಲ್ಲಿ ಈಗ ಅಣಬೆ ಎಂದರೆ ಎಲ್ಲರಿಗೂ ನೆನಪಾಗುವುದು ಲಿಯಾಂಗಾಥಾ. ಮೆಲ್ಬರ್ನ್‌ನ ಆಗ್ನೇಯಕ್ಕಿರುವ ಈ ಸಣ್ಣ ಊರಿನಲ್ಲಿ 2023ರ ಜುಲೈ 29ರಂದು ಮನೆಯೊಂದರಲ್ಲಿ ಮಧ್ಯಾಹ್ನದ ಊಟಕ್ಕೆ ಬಂದ ನಾಲ್ವರು ಅತಿಥಿಗಳಲ್ಲಿ ಮೂವರು ತೀರಿಕೊಂಡರು. ನಾಲ್ಕನೆಯವರು ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಬದುಕಿಬಂದರು. ಅಡುಗೆಯಲ್ಲಿದ್ದದ್ದು ಡೆತ್ ಕ್ಯಾಪ್. ಅದು ಉದ್ದೇಶಪೂರ್ವಕ ಕೊಲೆ ಎಂದು 2025ರ ಜುಲೈನಲ್ಲಿ ಜ್ಯೂರಿ ತೀರ್ಮಾನಿಸಿತು. ಸೆಪ್ಟೆಂಬರ್‌ನಲ್ಲಿ ಆತಿಥೇಯ ಮಹಿಳೆಗೆ ಜೀವಾವಧಿ ಶಿಕ್ಷೆಯಾಯಿತು. ಪೆರೋಲ್ ಕೇಳಲು 33 ವರ್ಷ ಕಾಯಬೇಕು. ಆ ಪ್ರಕರಣ ಬಿಡಿ, ಅದು ಪೊಲೀಸರ ವಿಷಯ. ನಮ್ಮಂಥವರು ಓದಬೇಕಾದದ್ದು ಅದಕ್ಕಿಂತ ಹಳೆಯ, ಯಾರ ದುರುದ್ದೇಶವೂ ಇಲ್ಲದ ಇನ್ನೊಂದು ಘಟನೆಯನ್ನು.

2012ರ ಹೊಸ ವರ್ಷದ ಹೊತ್ತಿಗೆ ರಾಜಧಾನಿ ಕ್ಯಾನ್‌ಬೆರಾದಲ್ಲಿ ಏಷ್ಯಾ ಮೂಲದ ಇಬ್ಬರು ಒಟ್ಟಿಗೆ ಉಂಡ ಊಟದಿಂದ ಸತ್ತರು. ಅವರಲ್ಲೊಬ್ಬರು ವೃತ್ತಿಯಿಂದಲೇ ಬಾಣಸಿಗ. ತಮ್ಮ ನಾಡಿನಲ್ಲಿ ದಿನನಿತ್ಯ ತಿನ್ನುವ ಭತ್ತದ ಹುಲ್ಲಿನ ಅಣಬೆ ಎಂದು ಅವರು ಭ್ರಮಿಸಿದ್ದಿರಬೇಕು ಎಂದು ಆಗ ವರದಿಯಾಗಿತ್ತು. ಮೊಗ್ಗಿನ ಹಂತದಲ್ಲಿ ಎರಡೂ ಮೊಟ್ಟೆಯಂತೆಯೇ ಇರುತ್ತವೆ. ಹುಲ್ಲಿನ ಅಣಬೆ ಬಲಿತಾಗ ಪದರಗಳು ನಸುಗೆಂಪಾಗುತ್ತವೆ, ಕತ್ತಿನಲ್ಲಿ ಬಳೆ ಇರುವುದಿಲ್ಲ. ಡೆತ್ ಕ್ಯಾಪಿನ ಪದರ ಬಲಿತರೂ ಬಿಳಿಯಾಗಿಯೇ ಉಳಿಯುತ್ತದೆ.

ಇದರ ಶಾಸ್ತ್ರೀಯ ಹೆಸರು ಅಮಾನಿಟಾ ಫಲಾಯ್ಡಿಸ್. ಮೂಲ ಯುರೋಪು. ಓಕ್ ಮರದ ಬೇರಿನ ಜೊತೆ ಕೊಡುಕೊಳ್ಳುವ ಸಂಬಂಧವಿಟ್ಟುಕೊಂಡು ಬದುಕುವ ಜೀವಿಯಾದ್ದರಿಂದ, ಯುರೋಪಿನವರು ನೆರಳಿಗೆಂದು ಓಕ್ ತಂದಾಗ ಇದೂ ಹಿಂದೆಯೇ ಬಂತು. ಮೆಲ್ಬರ್ನ್, ಕ್ಯಾನ್‌ಬೆರಾ, ಅಡಿಲೇಡ್ ಬೆಟ್ಟಗಳು, ಟಾಸ್ಮೇನಿಯಾದಲ್ಲಿ ಇದೆ. ಸಿಡ್ನಿ ಮತ್ತು ಸದರ್ನ್ ಹೈಲ್ಯಾಂಡ್ಸ್‌ನಲ್ಲೂ ಕಂಡಿದೆ ಎಂದು ನ್ಯೂ ಸೌತ್ ವೇಲ್ಸ್ ಆರೋಗ್ಯ ಇಲಾಖೆ 2025ರಲ್ಲಿ ಎಚ್ಚರಿಸಿತು. ಒಂದು ಅಣಬೆ ಸಾಕು, ದೊಡ್ಡವರ ಜೀವ ತೆಗೆಯಲು. ಇದರಲ್ಲಿರುವ ಅಮಟಾಕ್ಸಿನ್ ಬೇಯಿಸಿದರೂ, ಹುರಿದರೂ, ಒಣಗಿಸಿದರೂ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ರುಚಿಯಲ್ಲಿ ಕಹಿಯಿಲ್ಲ. ತಿಂದು ಬದುಕಿದವರು ಚೆನ್ನಾಗಿತ್ತು ಎಂದೇ ಹೇಳಿದ್ದಾರೆ.

ಇನ್ನೊಂದು ಮೋಸ ಕಾಲದ್ದು. ತಿಂದ ಆರು ಗಂಟೆಯವರೆಗೆ, ಕೆಲವೊಮ್ಮೆ ಒಂದಿಡೀ ದಿನದವರೆಗೆ ಏನೂ ಆಗುವುದಿಲ್ಲ. ಆಮೇಲೆ ಹೊಟ್ಟೆನೋವು, ವಾಂತಿ, ಭೇದಿ. ಅದು ಕಡಿಮೆಯಾಗಿ ಸುಧಾರಿಸಿದಂತೆ ಕಾಣುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಯಕೃತ್ತು ಹಾಳಾಗುತ್ತಿರುವುದು ಅದೇ ಹೊತ್ತಿನಲ್ಲಿ. ಆದ್ದರಿಂದ ಇಲ್ಲಿನ ವೈದ್ಯರು ಹೇಳುವುದು ಒಂದೇ: ಅನುಮಾನ ಬಂದರೆ ಲಕ್ಷಣಕ್ಕೆ ಕಾಯಬೇಡಿ. ದೇಶದಾದ್ಯಂತ ಹಗಲೂ ರಾತ್ರಿ ಕೆಲಸ ಮಾಡುವ ವಿಷ ಮಾಹಿತಿ ಕೇಂದ್ರದ ಸಂಖ್ಯೆ 13 11 26. ಸಿಡ್ನಿಯ ಕೇಂದ್ರ ಇರುವುದು ವೆಸ್ಟ್‌ಮೀಡ್‌ನ ಮಕ್ಕಳ ಆಸ್ಪತ್ರೆಯಲ್ಲಿ. ಕನ್ನಡಿಗರು ಹೆಚ್ಚಾಗಿರುವ ಬಡಾವಣೆಗಳಿಂದ ಕೂಗಳತೆ ದೂರ, ಆದರೂ ನಮ್ಮಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಮೆಲ್ಬರ್ನ್‌ನದು ಆಸ್ಟಿನ್ ಆಸ್ಪತ್ರೆಯಲ್ಲಿದೆ. ಉಳಿದ ಅಣಬೆಯನ್ನು ಎಸೆಯದೆ ಆಸ್ಪತ್ರೆಗೆ ಒಯ್ಯಬೇಕು.

ವಿಸಿಟರ್ ವೀಸಾದಲ್ಲಿ ಬರುವ ಅಪ್ಪ ಅಮ್ಮಂದಿರಿಗೆ ಮೆಡಿಕೇರ್ ಇಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ತೀವ್ರ ನಿಗಾ ಘಟಕದ ಒಂದು ದಿನದ ಬಿಲ್ಲು ಎಂಥವರ ಎದೆಯನ್ನೂ ನಡುಗಿಸುತ್ತದೆ.

ಊರಿನ ಲೆಕ್ಕ ಇಲ್ಲಿ ತಪ್ಪುವುದು ಎಲ್ಲಿ

ಗೆಳೆಯನ ಅಮ್ಮ ದಡ್ಡರೇನಲ್ಲ. ಊರಿನಲ್ಲಿ ಮೃಗಶಿರ, ಆರಿದ್ರಾ ಮಳೆಗೆ ಯಾವ ಹುತ್ತದ ಪಕ್ಕ ಅಣಬೆ ಏಳುತ್ತದೆ ಎಂದು ಅವರಿಗೆ ಗೊತ್ತು. ಹುತ್ತದ ಅಣಬೆಗೆ ಟೊಪ್ಪಿಯ ನಡುವೆ ಮೊನೆ ಇರುತ್ತದೆ, ಕೆಳಗೆ ಗೆದ್ದಲಿನ ಗೂಡಿನವರೆಗೆ ಇಳಿಯುವ ಉದ್ದನೆಯ ಬೇರಿನಂಥ ಬಾಲ ಇರುತ್ತದೆ. ಕರಾವಳಿಯಲ್ಲಿ ಮಳೆಗಾಲದ ಆರಂಭದಲ್ಲಿ ಕಲ್ಲಣಬೆ ಮಾರುಕಟ್ಟೆಗೆ ಬರುತ್ತದೆ, ಮೀನಿಗಿಂತ ದುಬಾರಿಯಾದರೂ ಜನ ಮುಗಿಬಿದ್ದು ಕೊಳ್ಳುತ್ತಾರೆ. ಕೊಡಗಿನಲ್ಲಿ ಕುಮ್ಮು ಕರಿ ಎಂದರೆ ಹಬ್ಬ. (ನಮ್ಮ ಮಲೆನಾಡಿನಲ್ಲೇ ಅಣಬೆಯನ್ನು ಅಡುಗೆಮನೆಯ ಹೊಸಿಲು ದಾಟಿಸದ ಮನೆಗಳೂ ಬೇಕಾದಷ್ಟಿವೆ. ಅಂಥ ಮನೆಯ ಹುಡುಗರು ಸಿಡ್ನಿಗೆ ಬಂದು ಎಲ್ಲರಿಗಿಂತ ಮುಂದೆ ಬುಟ್ಟಿ ಹಿಡಿದು ಹೊರಡುವುದನ್ನು ನೋಡಿದ್ದೇನೆ.) ಈ ತಿಳಿವಳಿಕೆಯೆಲ್ಲ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಅದೇ ಗುಡ್ಡದಲ್ಲಿ, ಅದೇ ಹುತ್ತದ ಮುಂದೆ ನಿಂತು ಬಂದದ್ದು. ಗುಡ್ಡ ಬದಲಾದರೆ ಅದು ಕೆಲಸಕ್ಕೆ ಬರುವುದಿಲ್ಲ.

ಜೊತೆಗೆ ಬರುವ ನಂಬಿಕೆಗಳಂತೂ ಇನ್ನೂ ಅಪಾಯ. ಬೆಳ್ಳುಳ್ಳಿ ಹಾಕಿ ಬೇಯಿಸಿದಾಗ ಕಪ್ಪಾದರೆ ವಿಷ, ಬೆಳ್ಳಿ ಚಮಚ ಕಂದಿದರೆ ವಿಷ, ಹುಳು ತಿಂದಿದ್ದರೆ ನಾವೂ ತಿನ್ನಬಹುದು, ಸಿಪ್ಪೆ ಸುಲಿದು ಬಂದರೆ ಒಳ್ಳೆಯದು. ಡೆತ್ ಕ್ಯಾಪ್ ಈ ಎಲ್ಲ ಪರೀಕ್ಷೆಯಲ್ಲೂ ಪಾಸಾಗುತ್ತದೆ. ಬಸವನಹುಳು ಅದನ್ನು ತಿಂದು ಸುಖವಾಗಿರುತ್ತದೆ.

ಸಾಯಿಸದಿದ್ದರೂ ಆಸ್ಪತ್ರೆ ಸೇರಿಸುವವು ಇನ್ನಷ್ಟಿವೆ. ಯೆಲ್ಲೋ ಸ್ಟೇನರ್ ನೋಡಲು ಅಂಗಡಿಯ ಬಟನ್ ಅಣಬೆಯ ಅವಳಿ. ವಿಕ್ಟೋರಿಯಾದಲ್ಲಿ ಅತಿ ಹೆಚ್ಚು ಜನರ ಹೊಟ್ಟೆ ಕೆಡಿಸುವುದು ಇದೇ. ಬುಡವನ್ನು ಉಗುರಿನಿಂದ ಕೆರೆದರೆ ತಕ್ಷಣ ಎದ್ದು ಕಾಣುವ ಹಳದಿ, ಮೂಗಿಗೆ ಹಿಡಿದರೆ ಫಿನಾಯಿಲಿನಂಥ ವಾಸನೆ. ಸಿಡ್ನಿಯ ಹುಲ್ಲುಹಾಸಿನಲ್ಲಿ ಬೇಸಿಗೆ ಮಳೆಗೆ ಏಳುವ ಕೊಡೆಯಷ್ಟಗಲದ ಬಿಳಿ ಅಣಬೆ ಇನ್ನೊಂದು. ಬಲಿತಾಗ ಅದರ ಪದರ ಹಸಿರಾಗುತ್ತದೆ, ತಿಂದವರು ರಾತ್ರಿಯಿಡೀ ವಾಂತಿ ಮಾಡುತ್ತಾರೆ. ಚಿಪ್ಪಣಬೆಯಂತೆ ಮರದ ಬೊಡ್ಡೆಯಲ್ಲಿ ಗೊಂಚಲಾಗಿ ಬೆಳೆಯುವ ಘೋಸ್ಟ್ ಫಂಗಸ್ ಕತ್ತಲಲ್ಲಿ ಹಸಿರು ಬೆಳಕು ಚೆಲ್ಲುತ್ತದೆ. ಮಕ್ಕಳನ್ನು ಕರೆದೊಯ್ದು ತೋರಿಸಲು ಅದಕ್ಕಿಂತ ಚೆಂದದ್ದಿಲ್ಲ, ಬಾಯಿಗಿಡಲು ಮಾತ್ರ ಆಗದು.

ಮೊಬೈಲ್ ಆ್ಯಪ್‌ಗಳ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಚುಟುಕು: ಹೆಸರು ಕುತೂಹಲಕ್ಕೆ ತಿಳಿದುಕೊಳ್ಳಿ, ಅಡುಗೆಗಲ್ಲ. ಫೋಟೊದಲ್ಲಿ ಬುಡವೂ ಇರುವುದಿಲ್ಲ, ವಾಸನೆಯೂ ಇರುವುದಿಲ್ಲ.

ಕತ್ತರಿಸಿದರೆ ಕ್ಯಾರೆಟ್ ಬಣ್ಣದ ಹಾಲು

ಹಾಗಾದರೆ ನಾವು ಹತ್ತು ವರ್ಷಗಳಿಂದ ತರುತ್ತಿರುವುದು ಏನು? ಸ್ಯಾಫ್ರನ್ ಮಿಲ್ಕ್ ಕ್ಯಾಪ್. ಶಾಸ್ತ್ರೀಯ ಹೆಸರು ಲ್ಯಾಕ್ಟೇರಿಯಸ್ ಡೆಲಿಸಿಯೋಸಸ್. ಲಿನೇಯಸ್ 1753ರಲ್ಲಿ ಹೆಸರಿಡುವಾಗಲೇ ‘ರುಚಿಕರ’ ಎಂಬ ಪದ ಸೇರಿಸಿಬಿಟ್ಟ. ನಮ್ಮ ಗುಂಪಿನಲ್ಲಿ ಇದಕ್ಕೆ ಕೇಸರಿ ಅಣಬೆ ಎಂದೇ ಹೆಸರು. ಇದೂ ವಲಸೆ ಬಂದದ್ದೇ. ಕ್ಯಾಲಿಫೋರ್ನಿಯಾ ಮೂಲದ ರೇಡಿಯಾಟಾ ಪೈನ್ ಮರವನ್ನು ಇಲ್ಲಿ ಮರಮಟ್ಟಿಗಾಗಿ ತೋಟ ತೋಟವಾಗಿ ನೆಟ್ಟಿದ್ದಾರೆ. ಅದರ ಬೇರಿಗೆ ಯುರೋಪಿನ ಈ ಅಣಬೆ ಅಂಟಿಕೊಂಡಿದೆ. ಪೈನ್ ಇಲ್ಲದ ಕಡೆ ಇದು ಏಳುವುದಿಲ್ಲ. ನೀಲಗಿರಿ ಮರದ ಕೆಳಗೆ ಕೇಸರಿ ಬಣ್ಣದ ಅಣಬೆ ಕಂಡರೆ ಅದು ಬೇರೆ ಯಾವುದೋ.

ಸಿಡ್ನಿಯಿಂದ ಓಬೆರಾನ್ ಸುಮಾರು 180 ಕಿಲೋಮೀಟರ್. ಬ್ಲೂ ಮೌಂಟನ್ಸ್ ದಾಟಿ ಏರಬೇಕು, ಊರು ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದಲ್ಲಿದೆ. ಮಾರ್ಚ್‌ನಿಂದ ಮೇವರೆಗೆ ಮಳೆ ಬಿದ್ದ ವಾರ ಹತ್ತು ದಿನಕ್ಕೆ ಹೋದರೆ ಬರಿಗೈಯಲ್ಲಿ ಬರುವ ಮಾತಿಲ್ಲ. ಆಂಜಾಕ್ ದಿನದ ರಜೆಯಲ್ಲಿ ಅಲ್ಲಿ ಜಾತ್ರೆ: ಪೋಲೆಂಡಿನವರು, ಇಟಲಿಯವರು, ರಷ್ಯನ್ನರು, ಚೀನೀಯರು. ಆ ಜಾತ್ರೆಗೆ ಈಗ ಕನ್ನಡವೂ ಸೇರಿದೆ. ನನಗೆ ಕಲಿಸಿದವರು ಒಬ್ಬ ಪೋಲಿಷ್ ಅಜ್ಜ. ಮೊದಲ ವರ್ಷ ನನ್ನ ಬುಟ್ಟಿ ನೋಡಿದವರು ಮಾತಾಡದೆ ಮೂರು ಅಣಬೆ ತೆಗೆದು ದೂರ ಎಸೆದರು. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಕತ್ತರಿಸಿ ತೋರಿಸಿದರು.

ಕೇಸರಿ ಅಣಬೆಯ ಟೊಪ್ಪಿಯ ಮೇಲೆ ಒಂದರೊಳಗೊಂದು ಉಂಗುರ, ನಡುವೆ ತಗ್ಗು, ಅಂಚು ಒಳಕ್ಕೆ ಸುತ್ತಿಕೊಂಡಿರುತ್ತದೆ. ಕೆಳಗೆ ಒತ್ತೊತ್ತಾದ ಕಿತ್ತಳೆ ಪದರ, ಕಾಂಡದ ಮೇಲೆ ಅಲ್ಲಲ್ಲಿ ಕಲೆಯಂಥ ಸಣ್ಣ ಗುಳಿ. ಕಾಂಡ ಬಲಿತರೆ ಒಳಗೆ ಟೊಳ್ಳು. ಇದೆಲ್ಲ ಕಣ್ಣಿಗೆ. ಸಾಕ್ಷಿ ಬೇರೆಯೇ ಇದೆ. ಚಾಕು ತಾಗಿಸಿದರೆ ಕ್ಯಾರೆಟ್ ರಸದ ಬಣ್ಣದ ಹಾಲು ಒಸರಬೇಕು, ಒತ್ತಿದ ಜಾಗ ಸ್ವಲ್ಪ ಹೊತ್ತಿನಲ್ಲಿ ಹಸಿರಾಗಬೇಕು. ಹಾಲು ಬಾರದಿದ್ದರೆ, ಹಾಲು ಬೆಳ್ಳಗಿದ್ದರೆ ಬಿಟ್ಟುಬಿಡಿ. ಅದೇ ಕಾಡಿನಲ್ಲಿ ಕೊರಡಿನ ಮೇಲೆ ಬೆಳೆಯುವ ಕಿತ್ತಳೆ ಅಣಬೆಯೊಂದಿದೆ, ಅದರಲ್ಲಿ ಹಾಲಿಲ್ಲ, ಕಹಿ. ಮಕ್ಕಳ ಕತೆಪುಸ್ತಕದ ಕೆಂಪು ಟೊಪ್ಪಿ, ಬಿಳಿ ಚುಕ್ಕೆಯ ಅಣಬೆಯೂ ಅಲ್ಲೇ ಸಾಲಾಗಿ ನಿಂತಿರುತ್ತದೆ. ಅದೂ ವಿಷ. ಫೋಟೊ ತೆಗೆದು ಮುಂದೆ ಹೋಗುತ್ತೇವೆ.

ಪೈನ್ ಕಾಡಿನ ಇನ್ನೊಂದು ತಿನ್ನುವ ಅಣಬೆ ಸ್ಲಿಪ್ಪರಿ ಜ್ಯಾಕ್. ಪದರದ ಬದಲು ಸ್ಪಂಜಿನಂಥ ಹಳದಿ ತಳ, ಮೇಲೆ ಲೋಳೆ. ಲೋಳೆಸಿಪ್ಪೆ ಸುಲಿದು, ಸ್ಪಂಜು ತೆಗೆದು ಬೇಯಿಸಬೇಕು, ಆದರೂ ಕೆಲವರಿಗೆ ಹೊಟ್ಟೆ ಹಿಡಿಸುವುದಿಲ್ಲ. ನನಗೆ ಅದು ರುಚಿಸಿದ್ದಿಲ್ಲ.

ನ್ಯೂ ಸೌತ್ ವೇಲ್ಸ್‌ನಲ್ಲಿ ಫಾರೆಸ್ಟ್ರಿ ಕಾರ್ಪೊರೇಷನ್‌ನ ಸ್ಟೇಟ್ ಫಾರೆಸ್ಟ್‌ಗಳಲ್ಲಿ ಮನೆಬಳಕೆಗಾಗಿ ಅಣಬೆ ಕೀಳಬಹುದು. ನ್ಯಾಷನಲ್ ಪಾರ್ಕ್‌ನಲ್ಲಿ ಕೀಳುವಂತಿಲ್ಲ. ಮರ ಕಡಿಯುತ್ತಿರುವ ಭಾಗ ಮುಚ್ಚಿರುತ್ತದೆ. ಕೆಲವು ಸ್ಟೇಟ್ ಫಾರೆಸ್ಟ್‌ಗಳಲ್ಲಿ ಪರವಾನಗಿ ಪಡೆದವರು ಬೇಟೆಯನ್ನೂ ಆಡುವುದರಿಂದ ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಹಾಕಿಕೊಳ್ಳುವುದು ಒಳ್ಳೆಯದು. ಮೆಲ್ಬರ್ನ್‌ನವರು ಮ್ಯಾಸಿಡನ್ ಬೆಟ್ಟ, ಮಾರ್ನಿಂಗ್‌ಟನ್ ಪರ್ಯಾಯದ್ವೀಪದ ಪೈನ್‌ಗಳನ್ನು ಹುಡುಕಿ ಹೋಗುತ್ತಾರೆ. ವಿಕ್ಟೋರಿಯಾದ ಪಾರ್ಕುಗಳಲ್ಲಿ ಅಣಬೆ ಕೀಳುವುದಕ್ಕೆ ನಿಷೇಧವಿದೆ, ಜಾಗ ಯಾರದ್ದೆಂದು ಮೊದಲು ಕೇಳಿಕೊಳ್ಳಬೇಕು. ಪೈನ್ ಕಾಡು ಎಲ್ಲ ದಿಕ್ಕಿಗೂ ಒಂದೇ ಥರ ಕಾಣುತ್ತದೆ, ತಲೆ ತಗ್ಗಿಸಿ ನಡೆಯುವವರು ದಾರಿ ತಪ್ಪುವುದು ಸುಲಭ, ಮೊಬೈಲ್ ಸಿಗ್ನಲ್ ಇರುವುದಿಲ್ಲ. ನಾವು ಕಾರಿನ ಹತ್ತಿರ ಒಬ್ಬರನ್ನು ಕೂರಿಸಿ ಆಗಾಗ ಹಾರ್ನ್ ಹೊಡೆಸುತ್ತೇವೆ.

ಬ್ಯಾಡಗಿ ಮೆಣಸಿನ ಸುಕ್ಕ

ಸಾರಿನ ರಾತ್ರಿಯಾದ ಎರಡು ವಾರಕ್ಕೆ ಗೆಳೆಯ ಅಮ್ಮನನ್ನು ಕರೆದುಕೊಂಡು ಸಿಡ್ನಿಗೆ ಬಂದ. ಓಬೆರಾನ್‌ಗೆ ಬರುತ್ತೀರಾ ಅಮ್ಮ ಎಂದು ಕೇಳಲು ನನಗೆ ಸಂಕೋಚ. ಅವರೇ ‘ನಿನ್ನ ಅಣಬೆ ತೋರಿಸು ಬಾ’ ಎಂದರು.

ಸೀರೆಯ ಮೇಲೆ ಮಗನ ಜಾಕೆಟ್ಟು, ಕಾಲಿಗೆ ಸೊಸೆಯ ಬೂಟು. ಮೊದಲ ಅರ್ಧ ಗಂಟೆ ಕೈಕಟ್ಟಿ ನನ್ನ ಹಿಂದೆ ನಡೆದರು. ನಾನು ಒಂದನ್ನು ಬುಡಸಮೇತ ಎತ್ತಿ ಕತ್ತರಿಸಿ ಕೊಟ್ಟೆ. ಹಾಲು ಬೆರಳಿಗೆ ಒರೆಸಿಕೊಂಡರು, ಮೂಸಿದರು, ಬಿಸಿಲಿಗೆ ಹಿಡಿದರು. ಹಸಿರಾಗುವ ತನಕ ಕಾದರು. ಆಮೇಲೆ ನಡೆದದ್ದು ನೋಡಬೇಕಿತ್ತು. ನಾವು ಕಿತ್ತಳೆ ಬಣ್ಣ ಹುಡುಕುತ್ತಿದ್ದರೆ ಅವರು ಪೈನ್ ಸೂಜಿಗಳ ಹಾಸು ಎಲ್ಲಿ ಒಂಚೂರು ಉಬ್ಬಿದೆ ಎಂದು ನೋಡುತ್ತಿದ್ದರು. ಕೋಲಿನಿಂದ ಉಬ್ಬನ್ನು ಸರಿಸಿದರೆ ಕೆಳಗೆ ಎಳೆಯ, ಗಟ್ಟಿಯಾದ, ಹುಳು ಬೀಳದ ಅಣಬೆ. ಮಧ್ಯಾಹ್ನದ ಹೊತ್ತಿಗೆ ಅವರ ಬುಟ್ಟಿ ನಮ್ಮಿಬ್ಬರದಕ್ಕಿಂತ ಭಾರವಾಗಿತ್ತು. ಪ್ರತಿಯೊಂದನ್ನೂ ಕತ್ತರಿಸಿ, ಹಾಲು ತೋರಿಸಿ, ‘ಸರಿಯಾ?’ ಎಂದು ಕೇಳಿಯೇ ಬುಟ್ಟಿಗೆ ಹಾಕಿದರು. ಬುಡ ಯಾವುದನ್ನೂ ಮುರಿಯಲಿಲ್ಲ.

ಅಡುಗೆ ನನ್ನ ಮನೆಯಲ್ಲೇ. ನೀರಲ್ಲಿ ನೆನೆಸದೆ, ಬ್ರಷ್‌ನಿಂದ ಮಣ್ಣು ಕೊಡವಿ, ಹುಳು ತೂತು ಇರುವ ಕಾಂಡ ತೆಗೆದು ಹೋಳು ಮಾಡಿಕೊಳ್ಳಬೇಕು. ಅರ್ಧ ಕಿಲೋ ಹೋಳನ್ನು ಎಣ್ಣೆಯಿಲ್ಲದ ಬಿಸಿ ಬಾಣಲೆಗೆ ಹಾಕಿ, ಬಿಡುವ ನೀರು ಪೂರ್ತಿ ಇಂಗುವವರೆಗೆ ದೊಡ್ಡ ಉರಿಯಲ್ಲಿ ಹುರಿಯಬೇಕು. ಅರೆಬೆಂದ ಅಣಬೆ ಬೇಡ. ಆರು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ನಾಲ್ಕಾರು ಕಾಳು ಮೆಂತ್ಯ ಹುರಿದು, ನಾಲ್ಕು ಎಸಳು ಬೆಳ್ಳುಳ್ಳಿ, ಸ್ವಲ್ಪ ಹುಣಸೆಯೊಂದಿಗೆ ಪುಡಿಗಟ್ಟಿ, ಕೊನೆಗೆ ಒಂದು ಕಪ್ ತೆಂಗಿನತುರಿ ಹಾಕಿ ಒಂದೇ ಸುತ್ತು ತಿರುಗಿಸಬೇಕು. (ಇಂಡಿಯನ್ ಸ್ಟೋರಿನ ಫ್ರೋಜನ್ ತುರಿಯೇ ಗತಿ.) ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವು, ಈರುಳ್ಳಿ ಒಗ್ಗರಣೆಗೆ ಅಣಬೆ, ಮಸಾಲೆ, ಉಪ್ಪು. ಪೈನ್ ಮರದ ಸಣ್ಣ ಅಂಟುವಾಸನೆ ಈ ಅಣಬೆಯಲ್ಲಿ ಇರುತ್ತದೆ, ಬೆಣ್ಣೆಯಲ್ಲಿ ಹುರಿದಾಗ ನನಗೆ ಅದು ಎದ್ದು ಕಾಣುತ್ತಿತ್ತು. ಹುರಿದ ಕೊತ್ತಂಬರಿ, ತೆಂಗಿನ ಜೊತೆ ಅದೇ ವಾಸನೆ ಒಂದು ಸಾಂಬಾರ ಪದಾರ್ಥದಂತೆ ಬೆರೆತುಹೋಯಿತು. ಕಚ್ಚಿದರೆ ಕರುಂ ಎನ್ನುವಷ್ಟು ಗಟ್ಟಿ.

ಹೊಸದಾಗಿ ತಿನ್ನುವವರು ಮೊದಲ ಸಲ ಎರಡು ಚಮಚಕ್ಕಿಂತ ಹೆಚ್ಚು ತಿನ್ನಬಾರದು, ಹಸಿ ಅಣಬೆ ಒಂದೆರಡನ್ನು ಫ್ರಿಜ್‌ನಲ್ಲಿ ಎತ್ತಿಡಬೇಕು ಎಂಬುದು ಪೋಲಿಷ್ ಅಜ್ಜ ಹಾಕಿಕೊಟ್ಟ ಪದ್ಧತಿ. ಅಮ್ಮ ಪಾಲಿಸಿದರು. ಗೆಳೆಯ ಪಾಲಿಸಲಿಲ್ಲ, ಮೂರು ಸಲ ಬಡಿಸಿಕೊಂಡ.

ಬೆಳಿಗ್ಗೆ ಆರು ಗಂಟೆಗೆ ಬಚ್ಚಲುಮನೆಯಿಂದ ಹೊರಬಂದವನ ಮುಖ ಸುಣ್ಣದಂತಾಗಿತ್ತು. ನನ್ನನ್ನು ಮೂಲೆಗೆ ಕರೆದು, ಅಮ್ಮನಿಗೆ ಕೇಳದಂತೆ ಪಿಸುಗುಟ್ಟಿದ: ‘ಮಾರಾಯ, ಆ ನಂಬರ್ ಎಷ್ಟು, ಹದಿಮೂರು ಹನ್ನೊಂದು...?’

ಕೇಸರಿ ಅಣಬೆ ಹೆಚ್ಚು ತಿಂದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದರಿಂದ ಏನೂ ಅಪಾಯವಿಲ್ಲ ಎಂದು ಅವನಿಗೆ ಮೊದಲೇ ಹೇಳಲು ನಾನು ಮರೆತಿದ್ದೆ. ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದ ಅಮ್ಮನಿಗೆ ಎಲ್ಲ ಕೇಳಿಸಿತ್ತು. ಮೆಲ್ಬರ್ನ್‌ನ ಆ ರಾತ್ರಿಯ ನಂತರ ಅವರು ಬಾಯಿ ತುಂಬ ನಕ್ಕಿದ್ದು ಅವತ್ತೇ ಅಂತೆ.